ಪ್ರಾರ್ಥನೆಯೂ ಮಾತ್ರೆಯೂ

ಮೊದಲು ವೈದ್ಯಕೀಯದ ಪಾಠ ಮುಗಿಸಿಕೊಳ್ಳೋಣ, ಅದು ಚಿಕ್ಕದು. ಎಚ್‌ಐವಿ ಎಂಬ ವೈರಸ್ ರೋಗಗಳ ವಿರುದ್ಧ ಹೋರಾಡುವ ರಕ್ತಕಣಗಳನ್ನೇ ನಾಶಮಾಡುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಕೆಲವು ವರ್ಷಗಳಲ್ಲಿ ಕ್ಷಯದಂಥ ಕಾಯಿಲೆಗಳು ಮುತ್ತಿಕೊಳ್ಳುತ್ತವೆ. ಆ ಹಂತಕ್ಕೆ ಏಡ್ಸ್ ಎನ್ನುತ್ತಾರೆ. ವೈರಸ್ಸನ್ನು ಪೂರ್ತಿ ತೊಲಗಿಸುವ, ಎಲ್ಲರಿಗೂ ಕೊಡಬಹುದಾದ ಔಷಧ ಇನ್ನೂ ಬಂದಿಲ್ಲ. ಆದರೆ ದಿನವೂ ನುಂಗುವ ಎಆರ್‌ಟಿ ಮಾತ್ರೆ ಅದನ್ನು ಅದುಮಿಡುತ್ತದೆ. ಎಷ್ಟೆಂದರೆ, ರಕ್ತದಲ್ಲಿನ ವೈರಸ್ ಎಣಿಸುವ ಪರೀಕ್ಷೆಗೂ ಅದು ಸಿಗುವುದಿಲ್ಲ. ಆ ಮಟ್ಟ ಕಾಯ್ದುಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. 2030ರ ಹೊತ್ತಿಗೆ ಏಡ್ಸ್ ಪಿಡುಗನ್ನು ಕೊನೆಗಾಣಿಸಬೇಕೆಂದು ವಿಶ್ವಸಂಸ್ಥೆ ಗುರಿ ಇಟ್ಟುಕೊಂಡಿರುವುದು ಬಹುಮಟ್ಟಿಗೆ ಈ ಮಾತ್ರೆಗಳ ಬಲದಿಂದಲೇ.

ಹಾಗಿದ್ದೂ 2024ರಲ್ಲಿ ಜಗತ್ತಿನಲ್ಲಿ ಸುಮಾರು 6,30,000 ಜನ ಏಡ್ಸ್ ಸಂಬಂಧಿ ಕಾಯಿಲೆಗಳಿಂದ ಸತ್ತರು. ಹಣ ಸಾಲದು, ಆಸ್ಪತ್ರೆ ದೂರ, ಇವು ಕಾರಣಗಳೇ. ಇನ್ನೊಂದು ಕಾರಣ ನಾಚಿಕೆ. ಪರೀಕ್ಷೆಗೆ ಹೋದರೆ ಯಾರಾದರೂ ನೋಡಿಬಿಟ್ಟಾರು ಎಂಬ ಅಂಜಿಕೆ, ಮನೆಯವರ ಕಣ್ಣಿಗೆ ಬೀಳದಂತೆ ಮಾತ್ರೆ ಡಬ್ಬಿ ಬಚ್ಚಿಡುವ ಪಾಡು. ಧರ್ಮದ ಮಾತು ಏಳುವುದು ಇಲ್ಲಿಯೇ, ಏಕೆಂದರೆ ಈ ನಾಚಿಕೆಯನ್ನು ಬಿತ್ತಿದವರಲ್ಲಿ ಚರ್ಚುಗಳೂ ಇದ್ದವು. ಆರಂಭದ ವರ್ಷಗಳಲ್ಲಿ ಇದು ಪಾಪದ ಸಂಬಳವೆಂದು ಸಾರಿದ ಬೋಧಕರಿಗೆ ಕೊರತೆಯಿರಲಿಲ್ಲ.

ಅದೇ ಚರ್ಚಿನೊಳಗಿಂದ ಬೇರೆ ದನಿ ಹೊರಟದ್ದನ್ನು ತಿಳಿಯಲು ಉಗಾಂಡಾದ ಕಡೆ ನೋಡಬೇಕು. ಗಿಡಿಯನ್ ಬ್ಯಾಮುಗಿಶ ಅಲ್ಲಿಯ ಆಂಗ್ಲಿಕನ್ ಪಾದ್ರಿ. 1991ರಲ್ಲಿ ಅವರ ಹೆಂಡತಿ ತೀರಿಕೊಂಡರು. ಕಾರಣ ಏಡ್ಸ್ ಎಂದು ಅವರಿಗೆ ಗೊತ್ತಾದದ್ದು ತಿಂಗಳುಗಳ ನಂತರ. 1992ರಲ್ಲಿ ತಮಗೂ ಸೋಂಕಿದೆ ಎಂದು ತಿಳಿದಾಗ ಅವರು ಮುಚ್ಚಿಡಲಿಲ್ಲ. ಆಫ್ರಿಕದಲ್ಲಿ ಇದನ್ನು ಬಹಿರಂಗವಾಗಿ ಹೇಳಿಕೊಂಡ ಮೊದಲ ಧರ್ಮಗುರು ಅವರೆಂದೇ ಪ್ರಸಿದ್ಧಿ. ಈಗಿನ ಪರಿಣಾಮಕಾರಿ ಚಿಕಿತ್ಸೆ ಆಗಿನ್ನೂ ಬಂದಿರಲಿಲ್ಲ. ಹೇಳಿಕೊಂಡರೆ ಗಳಿಕೆಯೇನೂ ಇಲ್ಲ, ಕಳೆದುಕೊಳ್ಳುವುದು ಬೇಕಾದಷ್ಟು. ಆದರೂ ಅವರು ಪಾದ್ರಿಯಾಗಿಯೇ ಮುಂದುವರಿದರು. ಮುಂದೆ ಸೋಂಕಿದ್ದ ವಿಧವೆಯೊಬ್ಬರನ್ನು ಮದುವೆಯಾದರು. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ಚಿಕಿತ್ಸೆ ಅಷ್ಟರಲ್ಲಿ ಬಂದಿತ್ತು. ಅವರಿಗೆ ಹುಟ್ಟಿದ ಮಕ್ಕಳಿಗೆ ಸೋಂಕಿಲ್ಲ.

ಆ ಕಾಲದಲ್ಲಿ ಎಲ್ಲೆಲ್ಲೂ ಹೇಳುತ್ತಿದ್ದ ಸೂತ್ರ ಮೂರು ಮಾತಿನದು: ಸಂಯಮದಿಂದಿರಿ, ಸಂಗಾತಿಗೆ ನಿಷ್ಠರಾಗಿರಿ, ಆಗದಿದ್ದರೆ ಕಾಂಡೋಮ್ ಬಳಸಿ. ಕೇಳಲು ಚೆನ್ನಾಗಿಯೇ ಇದೆ. ಆದರೆ ಗಂಡನಿಗೆ ನಿಷ್ಠಳಾಗಿದ್ದೂ ಸೋಂಕು ತಗುಲಿದ ಹೆಂಗಸಿಗೆ ಅದು ಏನು ಹೇಳುತ್ತದೆ? ಹುಟ್ಟುವಾಗಲೇ ಸೋಂಕು ಪಡೆದ ಮಗುವಿಗೆ? ಸೋಂಕಿತರೆಲ್ಲ ನೀತಿಯ ಪರೀಕ್ಷೆಯಲ್ಲಿ ಫೇಲಾದವರು ಎಂಬ ಅರ್ಥ ಸದ್ದಿಲ್ಲದೆ ಅದರೊಳಗೆ ಸೇರಿಕೊಳ್ಳುತ್ತದೆ. ಬ್ಯಾಮುಗಿಶ ಮತ್ತು ಸೋಂಕಿದ್ದ ಇತರ ಧರ್ಮಗುರುಗಳು ಈ ಶತಮಾನದ ಆರಂಭದಲ್ಲಿ ‘ಅನೆರೆಲಾ’ ಎಂಬ ಜಾಲ ಕಟ್ಟಿಕೊಂಡು, ‘ಸೇವ್’ ಎಂಬ ಬೇರೊಂದು ಸೂತ್ರವನ್ನು ಮುಂದಿಟ್ಟರು: ಸುರಕ್ಷಿತ ಅಭ್ಯಾಸಗಳು, ಔಷಧ, ಸ್ವಇಚ್ಛೆಯ ಪರೀಕ್ಷೆ ಮತ್ತು ಆಪ್ತಸಮಾಲೋಚನೆ, ತಿಳಿವಳಿಕೆಯಿಂದ ಬರುವ ಬಲ. ಸುರಕ್ಷಿತ ಅಭ್ಯಾಸದಲ್ಲಿ ಕಾಂಡೋಮ್ ಇದೆ, ಶುದ್ಧ ಸೂಜಿ ಇದೆ, ಪರೀಕ್ಷಿಸಿದ ರಕ್ತವೂ ಇದೆ. ಪಾದ್ರಿಗಳು ಸೂಜಿಯ ಬಗ್ಗೆ ಮಾತಾಡುವುದು ನನಗೆ ಅನೇಕ ಪ್ರಸಂಗಗಳಿಗಿಂತ ಹೆಚ್ಚು ಹಿಡಿಸುತ್ತದೆ.

ಬೈಬಲ್ಲಿನಲ್ಲಿ ಇದಕ್ಕೆ ಆಧಾರವುಂಟೇ ಎಂದು ನೀವು ಕೇಳಬಹುದು. ಉಂಟು. ಯಾರೂ ಮುಟ್ಟದ ಕುಷ್ಠರೋಗಿಯನ್ನು ಯೇಸು ಕೈಚಾಚಿ ಮುಟ್ಟುತ್ತಾನೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪ, ಇವನದೋ ಹೆತ್ತವರದೋ ಎನ್ನುತ್ತಾರೆ. ಯೇಸು ಎರಡನ್ನೂ ಒಪ್ಪುವುದಿಲ್ಲ. ಸಭೆ ಒಂದೇ ದೇಹ, ಒಂದು ಅಂಗ ನೊಂದರೆ ಎಲ್ಲ ಅಂಗಗಳೂ ನೋಯುತ್ತವೆ ಎಂಬುದು ಪೌಲನ ವಿಚಾರ. ಹಾಗಾದರೆ ಸೋಂಕು ಹೊರಗಿನ ಯಾರದೋ ಅಲ್ಲ, ಸಭೆಯದೇ ಎಂಬ ನಿಲುವಿಗೆ ಆಫ್ರಿಕದ ದೇವಶಾಸ್ತ್ರಿಗಳು ಬಂದರು.

ಹೊಸಬರು ಎಚ್ಚರವಾಗಿರಬೇಕಾದ ಜಾಗವೊಂದಿದೆ. ಪ್ರಾರ್ಥನೆಯಿಂದ ಗುಣವಾಯಿತು, ಇನ್ನು ಮಾತ್ರೆ ಬೇಡ ಎನ್ನುವ ಬೋಧಕರಿದ್ದಾರೆ. ಮಾತ್ರೆ ಬಿಟ್ಟರೆ ಅಡಗಿದ್ದ ವೈರಸ್ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮತ್ತೆ ತಲೆಯೆತ್ತುತ್ತದೆ. ಇಂಥ ಬೋಧನೆಯನ್ನು ನಂಬಿಕೆಯ ಹೆಸರಿನಲ್ಲಿ ಸಹಿಸಿಕೊಳ್ಳಬಾರದು ಎನ್ನುವವನು ನಾನು. ಪ್ರಾರ್ಥಿಸಿ ಎದ್ದು, ಎಆರ್‌ಟಿ ಕೇಂದ್ರದ ಸರದಿಯಲ್ಲಿ ನಿಲ್ಲುವವರ ನಿರೀಕ್ಷೆಗೆ ಬಲ ಹೆಚ್ಚು.

ನಮ್ಮ ದೇಶದ ಕಥೆಯಲ್ಲೂ ಈ ಎಳೆ ಇದೆ. 1986ರಲ್ಲಿ ಚೆನ್ನೈಯ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಭಾರತದ ಮೊದಲ ಸೋಂಕುಗಳನ್ನು ಗುರುತಿಸಿದಾಗ, ರಕ್ತದ ಮಾದರಿಗಳನ್ನು ಪರೀಕ್ಷಿಸಿದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಕಮಿಲಿಯನ್ ಪಾದ್ರಿಗಳು ಸೋಂಕಿತರ ಆರೈಕೆಗೆಂದು ‘ಸ್ನೇಹದಾನ್’ ಕಟ್ಟಿದರು. 2004ರಿಂದ ಸರ್ಕಾರವೇ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ಮಾಹಿತಿಗೆ 1097ಕ್ಕೆ ಫೋನ್ ಮಾಡಬಹುದು.

ಪ್ರಾರ್ಥನಾ ಕೂಟ ನಡೆಸುವವರು ತಿಳಿದಿರಬೇಕಾದದ್ದು 2017ರ ಎಚ್‌ಐವಿ ಕಾಯ್ದೆ. ನಂಬಿ ಹೇಳಿಕೊಂಡವರ ಸೋಂಕಿನ ಸಂಗತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು ಅದು ನಿಷೇಧಿಸುತ್ತದೆ. ಆದ್ದರಿಂದ ಕೂಟದಲ್ಲಿ ಒಬ್ಬರ ಹೆಸರು ಹಿಡಿದು, ಕಾಯಿಲೆ ಹೇಳಿ ಪ್ರಾರ್ಥಿಸುವ ಮುಂಚೆ ಅವರನ್ನು ಪಕ್ಕಕ್ಕೆ ಕರೆದು ಕೇಳಿ. ಬೇಡ ಎಂದರೆ ಹೆಸರೆತ್ತದೆಯೇ ಪ್ರಾರ್ಥಿಸಿ.