ಊರಿನ ತಟ್ಟೆಯಲ್ಲಿ ಕಬ್ಬಿಣ ಎಷ್ಟು?

ಮಕ್ಕಳೇ, ನಿನ್ನೆ ಬೆಳಿಗ್ಗೆಯಿಂದ ರಾತ್ರಿ ಮಲಗುವವರೆಗೆ ನೀವು ಏನೇನು ತಿಂದಿರಿ? ಒಂದು ಹಾಳೆಯಲ್ಲಿ ಬರೆಯಿರಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶಾಲೆಯ ಬಿಸಿಯೂಟ ಥಟ್ಟನೆ ನೆನಪಾಗುತ್ತವೆ. ಸಂಜೆ ತಿಂದ ಒಂದು ಹಿಡಿ ಶೇಂಗಾ? ಅಜ್ಜಿ ಕೊಟ್ಟ ಬೆಲ್ಲದ ಚೂರು? ಇವನ್ನು ಬಹಳ ಮಂದಿ ಮರೆತುಬಿಡುತ್ತಾರೆ. ಆಹಾರ ಸಮೀಕ್ಷೆ ಮಾಡುವವರಿಗೆ ಎದುರಾಗುವ ಮೊದಲ ತೊಡಕು ಇದೇ.

ಇಷ್ಟು ಕಷ್ಟಪಟ್ಟು ಏಕೆ ಅಳೆಯಬೇಕು? ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣ ಬೇಕು. ಅದು ಸಾಲದಿದ್ದರೆ ರಕ್ತಹೀನತೆ ಉಂಟಾಗುತ್ತದೆ. ಬೇಗ ದಣಿವಾಗುತ್ತದೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ದೇಶದ ಮಕ್ಕಳ ರಕ್ತ ಪರೀಕ್ಷಿಸಿದರು. 10ರಿಂದ 19 ವರ್ಷದವರಲ್ಲಿ ನೂರಕ್ಕೆ 28 ಮಂದಿಗೆ ರಕ್ತಹೀನತೆ ಇತ್ತು. ಆದರೆ ಕೊರತೆ ಇದೆಯೆಂದು ರಕ್ತ ಹೇಳುತ್ತದೆಯೇ ಹೊರತು ಅದು ಊಟದಿಂದ ಬಂದದ್ದೋ, ಕೊಕ್ಕೆಹುಳುವಿನಿಂದ ಬಂದದ್ದೋ ಹೇಳುವುದಿಲ್ಲ. ಅದಕ್ಕಾಗಿ ತಟ್ಟೆಯನ್ನೂ ನೋಡಬೇಕು.

ಹೊಲದಲ್ಲಿ ಬೆಳೆದದ್ದನ್ನು ಲೆಕ್ಕ ಹಾಕಿದರೆ ಸಾಲದೇ ಎಂದು ನೀವು ಕೇಳಬಹುದು. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ಮಳೆಗಾಲದಲ್ಲಿ ಹೋಗಿ ನೋಡಿ, ಎಲ್ಲಿ ಕಣ್ಣು ಹಾಯಿಸಿದರೂ ಮೆಕ್ಕೆಜೋಳ. ಅದರಲ್ಲಿ ನಮ್ಮ ತಟ್ಟೆಗೆ ಬರುವುದೆಷ್ಟು? ಬಹುಪಾಲು ಲಾರಿ ಹತ್ತಿ ಕೋಳಿ ಆಹಾರ ಮುಂತಾದವಕ್ಕೆ ಹೋಗುತ್ತದೆ. ಹೀಗಾಗಿ ಮನೆಗೇ ಹೋಗಿ ಕೇಳದೆ ಬೇರೆ ದಾರಿಯಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1972ರಲ್ಲಿ ಇದಕ್ಕೆಂದೇ ರಾಷ್ಟ್ರೀಯ ಪೋಷಣಾ ನಿಗಾ ಸಂಸ್ಥೆಯನ್ನು ಆರಂಭಿಸಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದರ ಕೇಂದ್ರ. ಸಮೀಕ್ಷೆ ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 2015ರಲ್ಲಿ ಅದು ಮುಚ್ಚಿತು. ಇಂಥ ಕೆಲಸ ನಿಲ್ಲಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಅಲ್ಲಿನವರು ಅಳತೆಯ ಬಟ್ಟಲುಗಳನ್ನು ಹಿಡಿದು ಮನೆಮನೆಗೆ ಹೋಗಿ, ಹಿಂದಿನ 24 ಗಂಟೆಗಳಲ್ಲಿ ಉಂಡದ್ದನ್ನು ಕೇಳಿ ಬರೆದುಕೊಳ್ಳುತ್ತಿದ್ದರು.

ಬಟ್ಟಲು ಏಕೆ ಬೇಕು ಗೊತ್ತೇ? ಒಂದು ಮನೆಯಲ್ಲಿ 200 ಗ್ರಾಂ ತೊಗರಿಬೇಳೆ ಹಾಕಿ ಸಾರು ಮಾಡಿದರು. ಅಳೆದಾಗ ಅದು 10 ಬಟ್ಟಲಾಯಿತು. ಮಗಳು ಉಂಡದ್ದು 1 ಬಟ್ಟಲು. ಹಾಗಾದರೆ ಅವಳ ಹೊಟ್ಟೆ ಸೇರಿದ ಬೇಳೆ 20 ಗ್ರಾಂ. ಸಾರಿನಲ್ಲಿರುವ ನೀರು ನಮ್ಮನ್ನು ಮೋಸಗೊಳಿಸದಂತೆ ಹೀಗೆ ಬೇಯಿಸಿದ್ದನ್ನು ಹಸಿ ಪದಾರ್ಥದ ತೂಕಕ್ಕೆ ಇಳಿಸುತ್ತಾರೆ. ಆಮೇಲೆ ಪುಸ್ತಕ ತೆರೆಯುತ್ತಾರೆ. ಹೈದರಾಬಾದಿನ ಇದೇ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ 528 ಆಹಾರಗಳ ಪೋಷಕಾಂಶಗಳಿವೆ. 100 ಗ್ರಾಂ ಜೋಳದಲ್ಲಿ ಸುಮಾರು 4 ಮಿ.ಗ್ರಾಂ ಕಬ್ಬಿಣವಿದೆ, ಸಜ್ಜೆಯಲ್ಲಿ 6 ಮಿ.ಗ್ರಾಂಗಿಂತ ಹೆಚ್ಚು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 1 ಮಿ.ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ ನೋಡಿದರೆ ರಾಗಿಯದು ಬೇರೆಯೇ ಮಾತು: 100 ಗ್ರಾಂಗೆ 364 ಮಿ.ಗ್ರಾಂ!

ಈಗ ಕೂಡ್ಲಿಗಿ ಕಡೆಯ ಏಳನೇ ತರಗತಿಯ ಹುಡುಗಿಯೊಬ್ಬಳ ಲೆಕ್ಕ ಹಾಕೋಣ. ಹುಡುಗಿ ಕಲ್ಪನೆಯವಳು, ಲೆಕ್ಕ ಮಾತ್ರ ನಿಜ. ರೊಟ್ಟಿಗೆ ಬಳಸಿದ ಜೋಳದ ಹಿಟ್ಟು 200 ಗ್ರಾಂ, ಅದರಿಂದ 8 ಮಿ.ಗ್ರಾಂ ಕಬ್ಬಿಣ. ಬೇಳೆ, ಸೊಪ್ಪಿನಿಂದ 3 ಎನ್ನೋಣ. ಬಿಸಿಯೂಟದಲ್ಲಿ ಆರರಿಂದ ಎಂಟನೇ ತರಗತಿಯವರಿಗೆ 150 ಗ್ರಾಂ ಅಕ್ಕಿಯ ಅನ್ನ. ಅದು ಸಾರವರ್ಧಿತ ಅಕ್ಕಿಯಾಗಿದ್ದರೆ ಪುಸ್ತಕದ ಅಂಕಿ ನಡೆಯದು. ಒಂದು ಕಿಲೋಗೆ 28ರಿಂದ 42.5 ಮಿ.ಗ್ರಾಂ ಕಬ್ಬಿಣ ಸೇರಿಸಿರುತ್ತಾರೆ. 150 ಗ್ರಾಂಗೆ ಸುಮಾರು 5 ಎಂದು ಹಿಡಿಯೋಣ. ಒಟ್ಟು 16 ಆಯಿತು. 10ರಿಂದ 12 ವರ್ಷದ ಹುಡುಗಿಗೆ ದಿನಕ್ಕೆ 28 ಮಿ.ಗ್ರಾಂ ಇರಲಿ ಎಂದು 2020ರ ಶಿಫಾರಸು ಹೇಳುತ್ತದೆ.

ಇನ್ನು ವಾರಕ್ಕೊಂದು ನೀಲಿ ಮಾತ್ರೆ. ಅದರಲ್ಲಿ 60 ಮಿ.ಗ್ರಾಂ ಕಬ್ಬಿಣವಿದೆ. ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 8.5. ಈಗ ಒಟ್ಟು 24.5. ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಎಸೆದರೆ ಮತ್ತೆ 16ಕ್ಕೇ ಇಳಿಯಿತು. ಶಾಲೆಯ ರಿಜಿಸ್ಟರು ‘ಕೊಟ್ಟೆವು’ ಎನ್ನುತ್ತದೆ, ಸಮೀಕ್ಷೆಗೆ ಬೇಕಾದದ್ದು ‘ನುಂಗಿದಿರಾ?’ ಎಂಬುದಕ್ಕೆ ಉತ್ತರ. (ಮಾತ್ರೆ ನುಂಗಿದ ಮೇಲೆ ಮಲ ಕಪ್ಪಾದರೆ ಹೆದರಬೇಡಿ. ಊಟವಾದ ಮೇಲೆಯೇ ನುಂಗಿ.)

ಅಕ್ಕಿಯದೂ ಇದೇ ಕಥೆ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಬೆರೆಸಿ, ಯಂತ್ರದಲ್ಲಿ ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಸೇರಿಸುತ್ತಾರೆ. ಅದು ಕೆಲವೊಮ್ಮೆ ನೀರಿನಲ್ಲಿ ತೇಲುತ್ತದೆ. ‘ಪ್ಲಾಸ್ಟಿಕ್ ಅಕ್ಕಿ’ ಎಂದು ಹೆದರಿ ಆರಿಸಿ ಎಸೆದವರು ಹಲವರು. ಎಸೆದದ್ದು ಕಬ್ಬಿಣವನ್ನೇ!

ಒಬ್ಬರ ಲೆಕ್ಕದಿಂದ ಊರಿನ ಲೆಕ್ಕ ಆಗದು. ಹಾಗೆಂದು ಸರಾಸರಿಯನ್ನೂ ಪೂರ್ತಿ ನಂಬಬೇಡಿ. ಐದು ಹುಡುಗರಿಗೆ ದಿನಕ್ಕೆ 28, 24, 20, 7, 6 ಮಿ.ಗ್ರಾಂ ಸಿಕ್ಕಿತೆನ್ನಿ. ಸರಾಸರಿ 17. ಅದೇ ವಯಸ್ಸಿನ ಹುಡುಗರಿಗೆ ಶಿಫಾರಸು 16. ‘ಎಲ್ಲ ಸರಿಯಿದೆ’ ಎಂದು ವರದಿ ಬರೆದರೆ, ಅರ್ಧವೂ ಸಿಗದ ಕೊನೆಯ ಇಬ್ಬರು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಎಷ್ಟು ಮಂದಿಗೆ ಸಾಲುತ್ತಿಲ್ಲ ಎಂಬುದನ್ನು ಬೇರೆಯಾಗಿ ಎಣಿಸಬೇಕು.

ಮಾಡಿ ನೋಡಿ: ನಿಮ್ಮ ತರಗತಿಯಲ್ಲಿ ಒಂದೇ ಅಳತೆಯ ಬಟ್ಟಲನ್ನು ಗೊತ್ತುಮಾಡಿಕೊಂಡು, ಬೇರೆ ಬೇರೆ ವಾರದ ಮೂರು ದಿನಗಳ ಊಟವನ್ನು ಎಲ್ಲರೂ ಬರೆಯಿರಿ. ಮಾತ್ರೆಗೆ ಬೇರೆ ಸಾಲು ಇರಲಿ. ಹಾಳೆಯ ಮೇಲೆ ಹೆಸರು ಬೇಡ, ಸಂಖ್ಯೆ ಹಾಕಿ. ಯಾರ ಮನೆಯಲ್ಲಿ ಏನಿಲ್ಲ ಎಂಬುದು ಯಾರ ನಗೆಗೂ ಗುರಿಯಾಗಬಾರದು. ಕೊಟ್ಟೂರಿನವರು ಗುರುಬಸವೇಶ್ವರರ ತೇರಿನ ದಿನ, ಹಡಗಲಿಯವರು ಮೈಲಾರ ಜಾತ್ರೆಯ ದಿನ ಬರೆಯಬೇಡಿ. ಹಬ್ಬದ ಊಟ ವರ್ಷದ ಊಟವಲ್ಲ.