ಹಿಮ್ಮಡಿ ಮೂಳೆ ಬೆಳೆದಿದೆಯಂತೆ, ಆಪರೇಷನ್ ಬೇಕೇ?

ನನಗೆ 44 ವರ್ಷ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ನಾಲ್ಕು ತಿಂಗಳಿಂದ ಬಲ ಹಿಮ್ಮಡಿ ನೋವು. ಬೆಳಿಗ್ಗೆ ಎದ್ದು ಕಾಲೂರಿದರೆ ಮುಳ್ಳು ಚುಚ್ಚಿದ ಹಾಗಾಗುತ್ತದೆ, ಓಡಾಡಿದ ಮೇಲೆ ಕಡಿಮೆ. ಎಕ್ಸ್‌ರೇ ತೆಗೆಸಿದರೆ ಮೂಳೆ ಬೆಳೆದಿದೆ ಅಂದರು. ಆಪರೇಷನ್ ಆದರೆ ದುಡ್ಡು ಎಲ್ಲಿಂದ ತರಲಿ ಡಾಕ್ಟರೇ?
– ಓದುಗರು, ಹಾವೇರಿ ಜಿಲ್ಲೆ

ಆಪರೇಷನ್ ಚಿಂತೆ ಈಗ ಬೇಡಮ್ಮ. ಒಂದು ಚೂರೂ ನೋವಿಲ್ಲದವರ ಎಕ್ಸ್‌ರೇಯಲ್ಲೂ ಅಂಥ ಮೂಳೆ ಕಾಣಿಸುವುದುಂಟು. ನೀವು ಹೇಳುವ ಲಕ್ಷಣ ನೋಡಿದರೆ ನೋವಿನ ಮೂಲ, ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಬ್ಬಿರುವ ದಪ್ಪ ಪೊರೆ. ಪ್ಲಾಂಟರ್ ಫೇಶಿಯೈಟಿಸ್ ಅನ್ನುವುದು ಈ ನೋವನ್ನೇ. ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಂತು ನಿಂತು ಆ ಪೊರೆ ಹಿಮ್ಮಡಿಗೆ ಅಂಟಿರುವ ಕಡೆ ಜಖಂ ಆಗುತ್ತದೆ. ರಾತ್ರಿ ಬಿಗಿದುಕೊಂಡಿರುವ ಪೊರೆ ಬೆಳಗಿನ ಮೊದಲ ಹೆಜ್ಜೆಗೆ ಒಮ್ಮೆಲೇ ಹಿಗ್ಗಬೇಕಲ್ಲ, ಅದಕ್ಕೇ ಆ ಚುಚ್ಚು.

ಹಾಗಾಗಿ ಕಾಲು ಕೆಳಗಿಡುವ ಮೊದಲೇ, ಹಾಸಿಗೆಯ ಮೇಲೆ ಕೂತು, ಬಲಗಾಲನ್ನು ಎಡತೊಡೆಯ ಮೇಲಿಟ್ಟುಕೊಳ್ಳಿ. ಕಾಲ್ಬೆರಳುಗಳನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ, ಮೊಣಕಾಲಿನತ್ತ ಎಳೆಯಿರಿ. ಇನ್ನೊಂದು ಕೈಯಿಂದ ಅಂಗಾಲು ಒತ್ತಿ ನೋಡಿ: ಪೊರೆ ಬಿಗಿಯಾಗಿ ಕೈಗೆ ಸಿಕ್ಕಿದರೆ ಸರಿಯಾಗಿ ಎಳೆದಿದ್ದೀರಿ. ಹತ್ತು ಎಣಿಸಿ ಬಿಡಿ. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಒಂದು ಹೊತ್ತು ತಪ್ಪಿಸಿದರೂ ಬೆಳಗಿನದನ್ನು ಮಾತ್ರ ತಪ್ಪಿಸಬೇಡಿ. ಗೋಡೆ ಹಿಡಿದು, ಬಲಗಾಲು ಹಿಂದಿಟ್ಟು, ಹಿಮ್ಮಡಿ ಏಳದಂತೆ ಮುಂದಕ್ಕೆ ಬಾಗಿ ಮೀನಖಂಡವನ್ನೂ ಹಿಗ್ಗಿಸಿ.

ಅಡುಗೆ ಮಾಡುವಾಗ ಬರಿಗಾಲಲ್ಲಿ ನಿಲ್ಲಬೇಡಿ. ಅಡುಗೆಮನೆಗೆ ಚಪ್ಪಲಿಯೇ ಎಂದು ಮೂಗು ಮುರಿಯುವವರಿರುತ್ತಾರೆ. ಒಳಗೆ ಮಾತ್ರ ಹಾಕಲು ಒಂದು ಬೇರೆ ಜೋಡಿ ಇಟ್ಟುಕೊಳ್ಳಿ. ಹಿಮ್ಮಡಿಯ ಕೆಳಗೆ ಮೆತ್ತಗಿರಲಿ, ಮಧ್ಯೆ ಸ್ವಲ್ಪ ಉಬ್ಬಿರಲಿ, ಸವೆದ ಹವಾಯಿ ಚಪ್ಪಲಿ ಸಾಲದು. ಸಂಜೆ ನೀರು ತುಂಬಿ ಮಂಜುಗಡ್ಡೆ ಮಾಡಿದ ಬಾಟಲಿಯನ್ನು ಅಂಗಾಲಿನಡಿ ಹತ್ತು ನಿಮಿಷ ಉರುಳಿಸಿ. ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಕಾಲಿಡಿ ಎಂದು ಯಾರಾದರೂ ಹೇಳಿಯೇ ಇರುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಅದನ್ನಂತೂ ಮಾಡಲೇಬೇಡಿ, ಪಾದದ ಸ್ಪರ್ಶ ಕುಂದಿದ್ದರೆ ಸುಟ್ಟದ್ದೇ ತಿಳಿಯುವುದಿಲ್ಲ.

ಸ್ಟಿರಾಯ್ಡ್ ಇಂಜೆಕ್ಷನ್‌ನಿಂದ ಕೆಲವು ವಾರ ಹಾಯೆನಿಸಬಹುದು. ಪದೇ ಪದೇ ಹಾಕಿಸಿದರೆ ಪೊರೆ ಹರಿಯುವ ಭಯವಿದೆ, ಅದಕ್ಕೆ ಅವಸರ ಬೇಡ. ಈ ನೋವು ನಿಧಾನವಾಗಿ ಇಳಿಯುವಂಥದ್ದು. ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ, ವರ್ಷದೊಳಗೆ ವಾಸಿಯಾಗುತ್ತದೆ.

ಆದರೆ ಮಲಗಿದ್ದಾಗಲೂ ನೋವು, ಊತ, ಜ್ವರ, ಪಾದದಲ್ಲಿ ಜೋಮು, ಎರಡೂ ಹಿಮ್ಮಡಿಯ ಜೊತೆ ಬೆಳಿಗ್ಗೆ ಸೊಂಟದ ಬಿಗಿತ – ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ, ಮೂಳೆ ತಜ್ಞರಿಗೆ ತೋರಿಸಿ.