ಗಂಟಲು ಕೆಂಪಾಯಿತು, ಯಾಕೆ?

ಮೊದಲ ಮಳೆ ಬಿದ್ದಿದೆ. ಹಳಿಯಾಳದ ಕಡೆ ಒಂದು ಹೊಲ. ಬೇಲಿಯ ಮೇಲೆ ಓತಿಕ್ಯಾತ ಕೂತಿದೆ. ತಲೆಯನ್ನು ಮೇಲೆ ಕೆಳಗೆ ಆಡಿಸ್ತಾ ಇದೆ. ನೋಡ್ತಾ ನೋಡ್ತಾ ಅದರ ಗಂಟಲು ಕೆಂಪಾಯಿತು.

"ಏ, ನಮ್ಮ ರಕ್ತ ಹೀರಾಕತ್ತೈತಿ! ಕಲ್ಲು ತಗೋ!"

ಹೀಗೆ ಕೂಗೋದನ್ನು ನೀವು ಕೇಳಿರಬಹುದು. ನೀವೇ ಕೂಗಿರಲೂಬಹುದು. ಆದರೆ ಯೋಚನೆ ಮಾಡಿ. ಬೇಲಿ ಮೇಲೆ ಕೂತ ಪ್ರಾಣಿ ದೂರದಲ್ಲಿರುವ ನಮ್ಮ ರಕ್ತ ಹೀರೋದು ಹೇಗೆ? ಅದು ತಿನ್ನೋದು ಇರುವೆ, ಮಿಡತೆ, ಹುಳು. ನಮ್ಮ ಬೆಳೆ ತಿನ್ನುವ ಹುಳುಗಳೂ ಅದರಲ್ಲಿ ಸೇರಿವೆ.

ಹಾಗೆ ಕೆಂಪಾಗೋದು ಗಂಡು. ಅದಕ್ಕೆ ಅದು ಹೆಣ್ಣು ಹುಡುಕುವ ಕಾಲ. "ಇದು ನನ್ನ ಜಾಗ, ಹತ್ತಿರ ಬರಬೇಡ" ಅಂತ ಇನ್ನೊಂದು ಗಂಡಿಗೆ ಬಣ್ಣದಿಂದಲೇ ಹೇಳುತ್ತದೆ. ಹೆಣ್ಣನ್ನೂ ಹಾಗೇ ಕರೆಯುತ್ತದೆ. ಜಗಳದಲ್ಲಿ ಸೋತರೆ ಬಣ್ಣ ಇಳಿದುಹೋಗುತ್ತದೆ.

ಊಸರವಳ್ಳಿ ಬೇರೆ. ಎರಡನ್ನೂ ಒಂದೇ ಅನ್ನುವವರು ಬಹಳ ಜನ. ಊಸರವಳ್ಳಿ ಓತಿಕ್ಯಾತದ ಹಾಗೆ ಓಡೋದಿಲ್ಲ. ಮೆಲ್ಲಗೆ, ತೂಗಾಡುತ್ತಾ ನಡೆಯುತ್ತದೆ. ಪಾದ ಇಕ್ಕಳದಂತೆ ಕೊಂಬೆ ಹಿಡಿಯುತ್ತದೆ. ಒಂದು ಕಣ್ಣು ಮುಂದೆ ನೋಡಿದರೆ ಇನ್ನೊಂದು ಹಿಂದೆ ನೋಡುತ್ತದೆ! ಉದ್ದನೆಯ ನಾಲಿಗೆ ಚಾಚಿ ಹುಳು ಹಿಡಿಯುತ್ತದೆ. ಒಣ ಸೀಮೆಯ ಗಿಡಗಂಟಿ ಅದಕ್ಕೆ ಇಷ್ಟ.

ಊಸರವಳ್ಳಿ ಕೂತ ಜಾಗದ ಬಣ್ಣ ತಾಳುತ್ತೆ ಅಂತಾರೆ. ಅದು ಸುಳ್ಳು. ಕೆಂಪು ಸೀರೆ ಮೇಲೆ ಬಿಟ್ಟರೆ ಅದು ಕೆಂಪಾಗೋದಿಲ್ಲ. ಚಳಿಯ ಬೆಳಗ್ಗೆ ಮೈ ಕಪ್ಪಾಗಿಸಿ ಬಿಸಿಲು ಹೀರುತ್ತದೆ. ಸಿಟ್ಟು ಬಂದರೆ, ಹೆದರಿದರೆ ಬಣ್ಣ ಬದಲಾಗುತ್ತದೆ. ಇದು ಹೇಗೆ? ಮಡಗಾಸ್ಕರ್ ದೇಶದ ಒಂದು ಜಾತಿಯ ಊಸರವಳ್ಳಿಯನ್ನು ಜಿನೀವಾದ ವಿಜ್ಞಾನಿಗಳು ಪರೀಕ್ಷಿಸಿದರು. ಅದರ ಚರ್ಮದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿವೆ. ಹರಳುಗಳ ನಡುವಿನ ಅಂತರ ಹೆಚ್ಚಾದರೆ ಒಂದು ಬಣ್ಣ, ಕಡಿಮೆಯಾದರೆ ಇನ್ನೊಂದು. ಇದು ತಿಳಿದದ್ದು 2015ರಲ್ಲಿ.

ದಾಂಡೇಲಿ, ಜೋಯಿಡಾ ಕಾಡಿನ ಕಡೆ ಹೋದರೆ ಹಾರುವ ಓತಿ ಇದೆ. ಪಕ್ಕೆಯ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಅಡಿಕೆ ತೋಟದಲ್ಲೂ ಕಾಣುತ್ತದೆ. ಅದನ್ನು ಹುಡುಕಿಕೊಂಡು ಹೋದವರ ಕಥೆಯೇ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. ಓದು ಇನ್ನೂ ಸಲೀಸಾದ ಮೇಲೆ ಅದನ್ನೂ ಓದಿ.

ಈ ಮೂರೂ ಮರ, ಗಿಡ, ಬೇಲಿಯ ಮೇಲೆ ಬದುಕುತ್ತವೆ. ಮೂರಕ್ಕೂ ವಿಷ ಇಲ್ಲ. ಕೈಯಲ್ಲಿ ಹಿಡಿದರೆ ಕಚ್ಚಬಹುದು, ಅಷ್ಟೆ. ಆದರೆ ಮೊಟ್ಟೆ ಇಡಲು ಹೆಣ್ಣು ನೆಲಕ್ಕೆ ಇಳಿಯಲೇಬೇಕು. ಓತಿಕ್ಯಾತ ಮೆತ್ತಗಾದ ಮಣ್ಣನ್ನು ಕೆದರಿ ಹತ್ತು, ಇಪ್ಪತ್ತು ಮೊಟ್ಟೆ ಇಡುತ್ತದೆ. ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ನೆಲಕ್ಕೆ ಇಳಿದಾಗಲೇ ಅದು ಹುಡುಗರ ಕಣ್ಣಿಗೆ ಬೀಳೋದು. ಒಂದು ಕಲ್ಲು ಬಿದ್ದರೆ ತಾಯಿಯ ಜೊತೆ ಹೊಟ್ಟೆಯಲ್ಲಿದ್ದ ಮೊಟ್ಟೆಗಳೂ ಹೋದವು.

ಊಸರವಳ್ಳಿಯನ್ನು ಹಿಡಿಯೋದು, ಕೊಲ್ಲೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಇದನ್ನು ಮನೆಯ ಹುಡುಗರಿಗೆ ಓದಿ ಹೇಳಿ.

ಮರಾಠಿ ಮಾತಾಡುವ ಮನೆಗಳಲ್ಲಿ ಓತಿಕ್ಯಾತಕ್ಕೆ 'ಸರಡಾ' ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ಇಲ್ಲಿ ಬರೆಯಿರಿ.